ಗ್ರೈಂಡರ್ ಕೆಟ್ಟಿದೆ, ದುಡ್ಡು ವಾಪಸ್ ಕೊಡ್ತಿಲ್ಲ. ಕೇಸ್ ಹಾಕಬಹುದಾ?

ಗೀತಕ್ಕ: ಹತ್ತು ಲೀಟರ್ ಟಿಲ್ಟಿಂಗ್ ಗ್ರೈಂಡರ್ ತಗೊಂಡು ತಿಂಗಳೂ ಆಗಿರಲಿಲ್ಲ, ಮೋಟಾರ್ ಸುಟ್ಟಿತು. ಕಾಯಿಲ್ ಬದಲಿಸಿ ಕೊಟ್ಟರು. ಈಗ ಮತ್ತೆ ಅದೇ ಸುಟ್ಟ ವಾಸನೆ. ಉದ್ದು ಅರ್ಧ ನುಣ್ಣಗಾಗುವಷ್ಟರಲ್ಲಿ ಕಲ್ಲು ನಿಂತುಬಿಡುತ್ತದೆ. ದುಡ್ಡು ಕೇಳಿದರೆ ಅಂಗಡಿಯವರು ಬಿಲ್ಲಿನ ಕೊನೇ ಸಾಲು ತೋರಿಸುತ್ತಾರೆ: 'ಮಾರಿದ ಮಾಲು ವಾಪಸ್ ಇಲ್ಲ'. ಬಿಲ್, ಸರ್ವೀಸ್ ಚೀಟಿ ಎರಡೂ ಇವೆ. ನಾನು ಮನೆಯಲ್ಲೇ ದೋಸೆ ಹಿಟ್ಟು ಮಾಡಿ ಮಾರಿ ಜೀವನ ಮಾಡುವವಳು.

ಕರಿಕೋಟು: ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೋಷ ಇರುವ ಮಾಲನ್ನು ವಾಪಸ್ ತಗೊಳ್ಳದೆ, ದುಡ್ಡೂ ಕೊಡದೆ ಇರುವುದನ್ನೇ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಅನ್ನುತ್ತದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸೇ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲೇ ಇದೆ.

ಬೇಸತ್ತ ಗಿರಾಕಿ: 'ಮೂರು ತಿಂಗಳು' ಓದಿ ಟೀ ನೆತ್ತಿಗೆ ಹತ್ತಿತು ಸ್ವಾಮಿ. ನನ್ನ ಫ್ರಿಜ್ ಕೇಸಿನಲ್ಲಿ ಬರೀ ಮುಂದಿನ ತಾರೀಕು, ಮುಂದಿನ ತಾರೀಕು. ಮಧ್ಯೆ ಲ್ಯಾಬ್‌ಗೆ ಕಳಿಸಬೇಕು ಅಂದರು. ಆ ಖರ್ಚನ್ನೂ ಮೊದಲು ನನ್ನ ಕೈಯಲ್ಲೇ ಕಟ್ಟಿಸಿದರು.

ಕರಿಕೋಟು: ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳು ಅಂತ ಸೆಕ್ಷನ್ 38ರಲ್ಲಿದೆ. ಪೂರ್ತಿ ಓದಿ.

ಬೇಸತ್ತ ಗಿರಾಕಿ: ಓದಿದ್ದೇನೆ. ಆಯೋಗದ ಬೆಂಚಿನ ಮೇಲೆ ಕೂತೇ ಓದಿದ್ದೇನೆ.

ಗಲ್ಲಾಪೆಟ್ಟಿಗೆ: 'ಮಾರಿ ಜೀವನ' ಅಂದ್ರಲ್ಲಾ ಅಕ್ಕಾ, ಅಲ್ಲಿಗೆ ಕೇಸ್ ಬಿತ್ತು. ವ್ಯಾಪಾರಕ್ಕೆ ತಗೊಂಡವರು ಗ್ರಾಹಕರೇ ಅಲ್ಲ. ವಾರಂಟಿ ಕಾರ್ಡ್ ತೆಗೆದು ನೋಡಿ, 'ಮನೆ ಬಳಕೆಗೆ ಮಾತ್ರ' ಅಂತ ಇರುತ್ತದೆ. ಹತ್ತು ಲೀಟರ್ ಯಾವ ಮನೆಗೆ ಬೇಕು ಹೇಳಿ?

ಕರಿಕೋಟು: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ತಗೊಂಡಿದ್ದರೆ ಅದು ವಾಣಿಜ್ಯ ಉದ್ದೇಶ ಅಲ್ಲ, ಕಾಯ್ದೆಯ ವಿವರಣೆಯಲ್ಲಿದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಟೈಪ್‌ರೈಟರ್ ಉದಾಹರಣೆ ಕೊಟ್ಟಿದೆ. ಹೊಟ್ಟೆಪಾಡಿಗೆ ತಾನೇ ಕೂತು ಟೈಪ್ ಮಾಡುವವನು ಗ್ರಾಹಕನೇ.

ಗಲ್ಲಾಪೆಟ್ಟಿಗೆ: ಆ ಕೇಸಿನಲ್ಲಿ ಲಕ್ಷ್ಮಿಯವರು ಗೆದ್ದರಾ? ಅದನ್ನೂ ಹೇಳಿ.

ಕರಿಕೋಟು: ಅವರದು ಲಕ್ಷಗಟ್ಟಲೆ ಬೆಲೆಯ ಯಂತ್ರ, ದೊಡ್ಡ ಮಟ್ಟದ ತಯಾರಿಕೆ. ಇದು ದೋಸೆ ಹಿಟ್ಟು.

ಗಲ್ಲಾಪೆಟ್ಟಿಗೆ: ಅಂದ್ರೆ ಸೋತರು. ಸುತ್ತಿಬಳಸಿ ಯಾಕೆ ಹೇಳ್ತೀರಿ?

ನಂಜನಗೂಡು ರಸಬಾಳೆ: ಗೀತಕ್ಕ, ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದೀರಾ?

ಗೀತಕ್ಕ: ಪ್ಯಾಕೆಟ್ ಕಟ್ಟೋಕೆ ಪಕ್ಕದ ಮನೆ ಹುಡುಗಿ ಬರುತ್ತಾಳೆ.

ಗಲ್ಲಾಪೆಟ್ಟಿಗೆ: ನೋಡಿ! ಆಳು, ಪ್ಯಾಕಿಂಗ್. ಇನ್ನೇನು, ಫ್ಯಾಕ್ಟರಿಗೆ ಬೋರ್ಡ್ ಹಾಕೋದೊಂದು ಬಾಕಿ.

ಕರಿಕೋಟು: ಒಬ್ಬಿಬ್ಬರ ಸಹಾಯ ತಗೊಂಡರೂ ಗ್ರಾಹಕನೇ, ಅದೇ ತೀರ್ಪಿನಲ್ಲಿದೆ. ಓದದೆ ವಾದ ಮಾಡಬೇಡಿ.

ಗಲ್ಲಾಪೆಟ್ಟಿಗೆ: ಓದದವನಾ ನಾನು? ಓದಿದವರು ಸುಮ್ನೆ ಇರೋರ ಮೇಲೆ ಕೇಸ್ ಹಾಕಿಸಿ ಬದುಕುತ್ತಾರೆ. ನಾನು ಜಿಎಸ್‌ಟಿ ಕಟ್ಟಿ ಬದುಕುತ್ತೇನೆ.

ನಂಜನಗೂಡು ರಸಬಾಳೆ: ಜಿಎಸ್‌ಟಿ ಕೊಡೋದು ಗಿರಾಕಿ. ನೀವು ದಾಟಿಸ್ತೀರಿ ಅಷ್ಟೇ, ಅಲ್ವಾ?

ಗಲ್ಲಾಪೆಟ್ಟಿಗೆ: ಬಾಳೆಹಣ್ಣಿಗೆ ಜಿಎಸ್‌ಟಿ ಇಲ್ಲ, ಅದಕ್ಕೇ ನಿಮಗೆ ಗೊತ್ತಿಲ್ಲ.

ಬೇಸತ್ತ ಗಿರಾಕಿ: ಗೆದ್ದರೂ ಕಂಪನಿ ರಾಜ್ಯ ಆಯೋಗಕ್ಕೆ ಅಪೀಲಿಗೆ ಹೋಗುತ್ತೆ. ಬೆಂಗಳೂರಿಗೆ ಯಾರು ಓಡಾಡ್ತಾರೆ?

ಕರಿಕೋಟು: ಅಪೀಲಿಗೆ ಹೋಗಬೇಕಾದರೆ ಅರ್ಧ ಮೊತ್ತ ಮೊದಲು ಠೇವಣಿ ಇಡಬೇಕು, ಅದೂ 45 ದಿನದೊಳಗೆ.

ಬೇಸತ್ತ ಗಿರಾಕಿ: ಒಂದು ಗ್ರೈಂಡರಿನ ಅರ್ಧ ಬೆಲೆ. ಪಾಪ, ಕಂಪನಿ ಮುಳುಗಿಹೋಗುತ್ತೆ.

ಗೀತಕ್ಕ: ಅಣ್ಣಂದಿರಾ, ಈಗ ನಾನು ಮೊದಲು ಏನು ಮಾಡಲಿ?

ನಂಜನಗೂಡು ರಸಬಾಳೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಬಗ್ಗದಿದ್ದರೆ ಗ್ರಾಹಕರ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಕೇಸ್ ಹಾಕಿ. ನಿಮ್ಮ ಜಿಲ್ಲೆಯಲ್ಲೇ ಹಾಕಬಹುದು. ಕಂಪನಿ, ಅಂಗಡಿ ಎರಡರ ಹೆಸರೂ ಸೇರಿಸಿ.

ಗಲ್ಲಾಪೆಟ್ಟಿಗೆ: ಅಂಗಡಿ ಯಾಕ್ರೀ? ಕಾಯಿಲ್ ಸುತ್ತಿದ್ದು ನಾವಾ?

ಕರಿಕೋಟು: ದುಡ್ಡು ಎಣಿಸಿಕೊಂಡಿದ್ದು ಯಾರು?