ಸಹಾಯ ಬೇಕು: ಸೇನಾ ಮುಖ್ಯಸ್ಥರ ಚಾರ್ಟಿನಲ್ಲಿ ಮೊದಲ ಹೆಸರು ಯಾರದು?

ಎಲ್ಲರಿಗೂ ನಮಸ್ಕಾರ. ಜನವರಿ 15ರ ಸೇನಾ ದಿನಕ್ಕೆ ನಮ್ಮ ಶಾಲೆಯ ಗೋಡೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರ ಚಾರ್ಟ್ ಮಾಡುತ್ತಿದ್ದೇನೆ. ಸುಲಭದ ಕೆಲಸ ಅಂದುಕೊಂಡಿದ್ದೆ. ಮೊದಲ ಹೆಸರಿಗೇ ಸಿಕ್ಕಿಕೊಂಡೆ.

ಕೊಡಗಿನ ಕಾರ್ಯಪ್ಪನವರೇ ಮೊದಲು ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಆದರೆ 1947ರ ಆಗಸ್ಟ್ ನಂತರವೂ ಲಾಕ್‌ಹಾರ್ಟ್, ಆಮೇಲೆ ಬುಚರ್ ಎಂಬ ಇಬ್ಬರು ಬ್ರಿಟಿಷರು ಆ ಕುರ್ಚಿಯಲ್ಲಿದ್ದರು. 1949ರ ಜನವರಿ 15ರಂದು ಬುಚರ್ ಅವರಿಂದ ಕಾರ್ಯಪ್ಪ ಅಧಿಕಾರ ವಹಿಸಿಕೊಂಡರು. ಆಗ ಹುದ್ದೆಯ ಹೆಸರು ಕಮಾಂಡರ್ ಇನ್ ಚೀಫ್. 1955ರಲ್ಲಿ ಅದು ಚೀಫ್ ಆಫ್ ದಿ ಆರ್ಮಿ ಸ್ಟಾಫ್ ಆಯಿತು. ಹಾಗೆ ನೋಡಿದರೆ ಆಗ ಆ ಕುರ್ಚಿಯಲ್ಲಿದ್ದ ರಾಜೇಂದ್ರಸಿಂಹಜಿ ಮೊದಲಿಗರು! ಬ್ರಿಟಿಷರನ್ನೂ ಸೇರಿಸಿ ಪಕ್ಕದಲ್ಲಿ ಚಿಕ್ಕ ಟಿಪ್ಪಣಿ ಹಾಕೋಣ ಅಂತ ನನ್ನ ಮನಸ್ಸು. ನೀವೇನಂತೀರಿ?

ಇನ್ನೊಂದು, ಹುದ್ದೆಗೆ ಕನ್ನಡದಲ್ಲಿ ಏನು ಬರೆಯಲಿ? 'ಮಹಾದಂಡನಾಯಕ' ಹೊಯ್ಸಳರ ಕಾಲದ್ದು ಅನ್ನಿಸುತ್ತದೆ. 'ಭೂಸೇನಾ ಮುಖ್ಯಸ್ಥ' ಸಾಕಾ?

ಫೀಲ್ಡ್ ಮಾರ್ಷಲ್ (ಭೂಸೇನೆಯ ಅತ್ಯುನ್ನತ ಪದವಿ) ಆದ ಇಬ್ಬರಿಗೆ ಬೇರೆ ಬಣ್ಣ ಕೊಡುತ್ತೇನೆ: 1973ರಲ್ಲಿ ಮಾಣೆಕ್‌ಷಾ, 1986ರಲ್ಲಿ ಕಾರ್ಯಪ್ಪ. ಕಾರ್ಯಪ್ಪನವರು ನಿವೃತ್ತರಾಗಿ ಆಗಲೇ 33 ವರ್ಷ ಆಗಿತ್ತು.

ತಿಮ್ಮಯ್ಯನವರಿಗೆ (1957ರಿಂದ 1961) ಸ್ವಲ್ಪ ಜಾಸ್ತಿ ಜಾಗ ಇಟ್ಟಿದ್ದೇನೆ. ಪಕ್ಷಪಾತ ಅಂದರೂ ಪರವಾಗಿಲ್ಲ. 1948ರ ಕಾಶ್ಮೀರ ಯುದ್ಧದಲ್ಲಿ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು ಅವರು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. ಹೋಗಿ ಬಂದವರು ಯಾರಾದರೂ ಹೊರಗಿನ ಒಂದು ಫೋಟೊ ಕಳಿಸುತ್ತೀರಾ? ದೊಡ್ಡದಾಗಿ ಪ್ರಿಂಟ್ ಹಾಕಬೇಕು, ಹಾಗಾಗಿ ಮೂಲ ಫೈಲೇ ಇದ್ದರೆ ಒಳ್ಳೆಯದು.