ಎಲೆಕ್ಟ್ರಿಕ್ ಕ್ಯಾಂಪರ್ ವ್ಯಾನಿಗೆ ಕಾಯಬೇಕಾ, ಡೀಸೆಲ್ ಈಗಲೇ ತಗೋಬೇಕಾ? ನಮ್ಮ ಮೂರು ಮನೆಗಳ ಅನುಭವ

ವಿಜಯಪುರದ ಅಕ್ಕ ಒಬ್ಬರು ಕೇಳಿದ್ದಾರೆ. ಯಜಮಾನರು ಬರುವ ವರ್ಷ ರಿಟೈರ್ ಆಗುತ್ತಾರೆ. ಮಾವನವರಿಗೆ ಎಂಬತ್ತರ ಹತ್ತಿರ, ಒಂದು ತಾಸಿಗಿಂತ ಜಾಸ್ತಿ ಕೂತರೆ ಸೊಂಟ ಹಿಡಿಯುತ್ತದೆ. ಒಳಗೇ ಮಲಗಿಕೊಂಡು ಹೋಗುವಂಥ ಕ್ಯಾಂಪರ್ ವ್ಯಾನ್ ಬೇಕು, ಕೈಯಲ್ಲಿ 15 ಲಕ್ಷ ಇದೆ. ಮಗ ಎರಡು ವರ್ಷ ತಡೀರಿ, ಎಲೆಕ್ಟ್ರಿಕ್ ಬರುತ್ತೆ ಅನ್ನುತ್ತಾನೆ. ಮೈದುನ ಡೀಸೆಲ್ ಈಗಲೇ ತಗೊಳ್ಳಿ ಅನ್ನುತ್ತಾರೆ.

ಅಕ್ಕಾ, ನಾನು ಬೆಳಗಾವಿಯವನು. ಎಲೆಕ್ಟ್ರಿಕ್ ಬರಲಿ ಅಂತ ಕಾದು ಕೂತವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

2022ರಲ್ಲಿ ಫೋಕ್ಸ್‌ವ್ಯಾಗನ್‌ನ ಐಡಿ ಬಝ್ ಅನ್ನುವ ಎಲೆಕ್ಟ್ರಿಕ್ ವ್ಯಾನ್ ಯುರೋಪಿನಲ್ಲಿ ಮಾರಾಟಕ್ಕೆ ಬಂತು. ಫೋಟೋ ನೋಡಿಯೇ ಮನಸ್ಸು ಹೋಯಿತು, ಇಲ್ಲಿಗೂ ಬೇಗ ಬರುತ್ತೆ, ಆಗಲೇ ತಗೊಂಡರಾಯ್ತು ಅಂದುಕೊಂಡೆ. ನಮ್ಮಪ್ಪ ಆಗ ಕಾರಿನಲ್ಲಿ ಕೂತು ಬರುವಷ್ಟು ಗಟ್ಟಿ ಇದ್ದರು. ಅವರದು ಒಂದೇ ಆಸೆ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಎರಡು ರಾತ್ರಿ ಇರಬೇಕು. ಸಣ್ಣವರಿದ್ದಾಗ ಚಕ್ಕಡಿ ಕಟ್ಟಿಕೊಂಡು ಹೋಗಿ, ಅಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ, ಚಕ್ಕಡಿ ಕೆಳಗೇ ಮಲಗುತ್ತಿದ್ದರಂತೆ. ನಾನು ಕಾಯುತ್ತಾ ಕೂತೆ, ಎರಡು ಹುಣ್ಣಿಮೆ ಹೋದವು. ಕೊನೆಗೆ 2018ರ ಒಂದು ಹಳೇ ಡೀಸೆಲ್ ವ್ಯಾನ್ ತಗೊಂಡು ಹೋಗುವ ಹೊತ್ತಿಗೆ ಅಪ್ಪ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ಬಾಗಿಲು ತೆಗೆದು, ತಲೆದಿಂಬು ಎತ್ತರಿಸಿ, ಮಲಗಿದಲ್ಲಿಂದಲೇ ಗುಡ್ಡ ತೋರಿಸಿದೆವು. ಭಂಡಾರ ಹಚ್ಚಿದಾಗ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಮುಂದಿನ ಹುಣ್ಣಿಮೆಗೆ ಅವರು ಇರಲಿಲ್ಲ.

ಹಾಗಾಗಿ ನನ್ನ ಉತ್ತರ: ಮಾವನವರ ಸಲುವಾಗಿ ಅಂದರೆ ಕಾಯಬೇಡಿ. ಆದರೆ 15 ಲಕ್ಷವನ್ನೂ ಡೀಸೆಲ್‌ಗೆ ಸುರಿಯಬೇಡಿ.

ಮಗ ಹೇಳುವುದು ಸುಳ್ಳಲ್ಲ. ಮಲಗುವಷ್ಟು ದೊಡ್ಡ ಎಲೆಕ್ಟ್ರಿಕ್ ಗಾಡಿ ನಮ್ಮ ದೇಶಕ್ಕೂ ಬಂದಿದೆ. 2025ರಲ್ಲಿ ಬಂದ ಎಂಜಿ ಎಂ9 ನೋಡಿ, 90 ಯೂನಿಟ್ ಬ್ಯಾಟರಿ. ಬೆಲೆ ಮಾತ್ರ 70 ಲಕ್ಷದ ಹತ್ತಿರ. ಅಂಥದ್ದು ಎರಡೇ ವರ್ಷದಲ್ಲಿ 15 ಲಕ್ಷಕ್ಕೆ ಇಳಿಯುತ್ತೆ ಅಂತ ನನಗೆ ಅನ್ನಿಸುವುದಿಲ್ಲ. ಬ್ಯಾಟರಿಗೇ ಅರ್ಧ ಟನ್ ತೂಕ, ಅದರ ಮೇಲೆ ಮಂಚ, ನೀರು, ಜನ. ದೊಡ್ಡ ಗಾಡಿಗೆ ದೊಡ್ಡ ಬ್ಯಾಟರಿಯೇ ಬೇಕು, ದುಡ್ಡೆಲ್ಲ ಹೋಗುವುದು ಅಲ್ಲಿಗೇ.

ಇನ್ನು ಖರ್ಚಿನ ಲೆಕ್ಕ. ನಮ್ಮ ವ್ಯಾನ್ ವರ್ಷಕ್ಕೆ ಸುಮಾರು 5,000 ಕಿ.ಮೀ. ಓಡುತ್ತದೆ. ಲೀಟರಿಗೆ 11ರಿಂದ 12 ಕೊಡುತ್ತದೆ, ಡೀಸೆಲ್ 90 ರೂಪಾಯಿ ಆಸುಪಾಸು ಹಿಡಿದರೆ ವರ್ಷಕ್ಕೆ 39,000 ಆಯಿತು. ಅದೇ ಎಲೆಕ್ಟ್ರಿಕ್ ಆಗಿದ್ದು ಯೂನಿಟ್‌ಗೆ 5 ಕಿ.ಮೀ. ಕೊಟ್ಟರೆ 1,000 ಯೂನಿಟ್ ಬೇಕು. ಅರ್ಧ ಮನೆಯಲ್ಲಿ 7 ರೂಪಾಯಿಗೆ, ಅರ್ಧ ಹೊರಗೆ 20ಕ್ಕೆ ಚಾರ್ಜ್ ಮಾಡಿದರೆ 13,500. ಉಳಿತಾಯ 25,000 ಚಿಲ್ಲರೆ. ಗಾಡಿಗೆ ಹತ್ತು ಲಕ್ಷ ಜಾಸ್ತಿ ಕೊಟ್ಟರೆ ಅದು ವಾಪಸ್ ಬರುವುದು ಯಾವಾಗ? ದಿನಾ ಓಡುವ ಗಾಡಿಗೆ ಈ ಲೆಕ್ಕ ಪೂರ್ತಿ ಬೇರೆ. ವರ್ಷಕ್ಕೆ ನಾಲ್ಕೈದು ಸಲ ಹೊರಡುವ ಗಾಡಿಗೆ ಇಷ್ಟೇ.

ಆದರೂ ಎಲೆಕ್ಟ್ರಿಕ್ ಯಾಕೆ ಬೇಕು ಅಂತ ನನಗೆ ಅರ್ಥವಾಗಿದ್ದು ರಾತ್ರಿ ಹೊತ್ತಿನಲ್ಲಿ. ಒಂದು ಸಲ ಮೇ ತಿಂಗಳಲ್ಲಿ ಕೂಡಲಸಂಗಮಕ್ಕೆ ಹೋಗಿದ್ದೆವು. ರಾತ್ರಿ ಹತ್ತಾದರೂ ತಗಡು ಕೆಂಡದ ಹಾಗೆ ಕಾದಿತ್ತು. ಎಸಿ ಬೇಕಂದರೆ ಎಂಜಿನ್ ಚಾಲೂ ಇರಬೇಕು. ಚಾಲೂ ಇಟ್ಟೆ. ಅರ್ಧ ತಾಸಿಗೆ ಪಕ್ಕದ ಟ್ರ್ಯಾಕ್ಟರ್ ಟ್ರೈಲರ್‌ನಿಂದ ಒಬ್ಬ ತಾಯಿ ಇಳಿದು ಬಂದರು, ಸೆರಗಿನಲ್ಲಿ ಮಗುವಿನ ಮೂಗು ಮುಚ್ಚಿಕೊಂಡಿದ್ದರು. ಏನೂ ಅನ್ನಲಿಲ್ಲ, ಸುಮ್ನೆ ನಿಂತರು. ನಮ್ಮ ಸೈಲೆನ್ಸರ್ ನೇರ ಅವರ ಹಾಸಿಗೆ ಕಡೆಗಿತ್ತು. ತಕ್ಷಣ ಆಫ್ ಮಾಡಿದೆ. ಅವತ್ತಿನಿಂದ ನಿಂತ ಗಾಡಿಯಲ್ಲಿ ಎಂಜಿನ್ ಹಾಕಿ ಮಲಗಿಲ್ಲ, ನೀವೂ ಮಲಗಬೇಡಿ, ಆ ಹೊಗೆ ಒಳಗೆ ಬಂದರೆ ಜೀವಕ್ಕೇ ಅಪಾಯ.

ಬಾಗಲಕೋಟೆಯ ನನ್ನ ಗೆಳೆಯನದು ಏಳು ಸೀಟಿನ ಎಲೆಕ್ಟ್ರಿಕ್ ಕಾರು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸುತ್ತಾನೆ. ಏಳು ತಾಸು ಎಸಿ ಹಾಕಿಕೊಂಡು ಮಲಗಿದರೂ ಬ್ಯಾಟರಿ 11 ಪರ್ಸೆಂಟ್ ಮಾತ್ರ ಇಳಿಯಿತಂತೆ, ಸದ್ದಿಲ್ಲ, ಹೊಗೆಯಿಲ್ಲ. ನಿಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಕರೆಂಟು ತಯಾರಾಗುವುದು ಕಲ್ಲಿದ್ದಲಿನಿಂದಲೇ, ಅದು ಗೊತ್ತು. ಆದರೂ ಮಗುವಿನ ಮೂಗಿನ ಹತ್ತಿರ ಹೊಗೆ ಇಲ್ಲವಲ್ಲ. ಅವನ ಜೊತೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿದ್ದೆ. ಇಳಿಯುವಾಗ ಬ್ಯಾಟರಿ ಖರ್ಚಾಗುವ ಬದಲು ಎರಡು ಪರ್ಸೆಂಟ್ ಏರಿತು! ವಾಪಸ್ ಹತ್ತುವಾಗ ಅದನ್ನೂ ಸೇರಿಸಿ ವಸೂಲಿ ಮಾಡಿತು ಬಿಡಿ. ಒಂದು ಚಾರ್ಜಿಗೆ ಇಷ್ಟು ಓಡುತ್ತೆ ಅಂತ ಕಂಪನಿ ಹೇಳುವ ದೂರದಲ್ಲಿ ನಾಲ್ಕರಲ್ಲಿ ಮೂರು ಭಾಗ ಹಿಡಿಯಿರಿ ಅನ್ನುತ್ತಾನೆ. ಅವನ ಕಷ್ಟ ಒಂದೇ, ಹಿಂದೆ ಮಲಗಿದರೆ ಕಾಲು ಪೂರ್ತಿ ಚಾಚುವುದಕ್ಕೆ ಆಗುವುದಿಲ್ಲ. ಸೊಂಟ ನೋವಿನವರಿಗೆ ಅದು ಆಗದ ಮಾತು.

ಸಿಎನ್‌ಜಿ ಬಗ್ಗೆಯೂ ಕೇಳಿದ್ದೀರಿ. ಗೋಕಾಕದ ನಮ್ಮ ಚಿಕ್ಕಪ್ಪನ ಮಗ ಸಿಎನ್‌ಜಿಯ ಮಾರುತಿ ಈಕೋ ವ್ಯಾನ್ ಇಟ್ಟಿದ್ದಾನೆ. ಖರ್ಚು ಕಡಿಮೆ, ನಿಜ. ಆದರೆ ಸಿಲಿಂಡರ್ ಕೂರುವುದು ಹಿಂದುಗಡೆ, ಸರಿಯಾಗಿ ಹಾಸಿಗೆ ಹಾಸುವ ಜಾಗದಲ್ಲಿ. ಮಲಗುವ ಗಾಡಿಗೆ ಸಿಎನ್‌ಜಿ ಬೇಡ.

ಈಗ ನಾನು ಮಾಡಿದ್ದು, ಇವತ್ತಿಗೂ ಸರಿ ಅನ್ನಿಸುವುದು. ಗಾಡಿ ಹಳೇದು ತಗೊಂಡು ದುಡ್ಡು ಉಳಿಸಿದೆ, ಒಳಗಿನ ಸಂಸಾರವನ್ನು ಎಲೆಕ್ಟ್ರಿಕ್ ಮಾಡಿದೆ. 12 ವೋಲ್ಟ್, 200 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ, ಅಂದರೆ ಎರಡೂವರೆ ಯೂನಿಟ್. ಮೇಲೆ 200 ವ್ಯಾಟ್‌ನ ಎರಡು ಸೋಲಾರ್ ಪ್ಲೇಟು. ಸಣ್ಣ ಫ್ರಿಜ್‌ಗೆ ದಿನಕ್ಕೆ ಮುಕ್ಕಾಲು ಯೂನಿಟ್, 28 ವ್ಯಾಟ್‌ನ ಫ್ಯಾನು ರಾತ್ರಿಯಿಡೀ ತಿರುಗಿದರೂ ಕಾಲು ಯೂನಿಟ್ ಮೇಲೆ ಸ್ವಲ್ಪ, ಎರಡು ಲೈಟು. ನಮ್ಮ ಕಡೆಯ ಬಿಸಿಲಿಗೆ ಅಷ್ಟೂ ವಾಪಸ್ ತುಂಬಿಕೊಳ್ಳುತ್ತದೆ. ಎಸಿ ಇಷ್ಟಕ್ಕೆಲ್ಲ ಎಳೆಯುವುದಿಲ್ಲ. ಅದಕ್ಕೇ ಏಪ್ರಿಲ್, ಮೇನಲ್ಲಿ ನಿಮ್ಮ ಕಡೆ 40 ಡಿಗ್ರಿ ದಾಟಿದಾಗ ನಾವು ಹೊರಗೆ ಮಲಗುವ ಪ್ರವಾಸವನ್ನೇ ಇಟ್ಟುಕೊಳ್ಳುವುದಿಲ್ಲ. ಅಡುಗೆ ಯಾವತ್ತೂ ಗಾಡಿಯಿಂದ ಕೆಳಗೆ, 5 ಕೆ.ಜಿ. ಸಿಲಿಂಡರ್‌ನಲ್ಲಿ. ಹೇಗೂ ಕಟಕ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಇರುತ್ತದೆ, ಅನ್ನ ಸಾರು ಮಾಡಿಕೊಂಡರೆ ಸಾಕು.

ಇದೆಲ್ಲ ಎರಡು ಪೆಟ್ಟಿಗೆ ಮತ್ತು ಒಂದು ಮಡಚುವ ಮಂಚದಲ್ಲಿದೆ. ಬೋಲ್ಟ್ ಬಿಚ್ಚಿದರೆ ಒಂದು ತಾಸಿನಲ್ಲಿ ಕೆಳಗೆ ಬರುತ್ತದೆ. ನಾಳೆ ನಮ್ಮ ಕೈಗೆಟುಕುವ ಎಲೆಕ್ಟ್ರಿಕ್ ವ್ಯಾನ್ ಬಂದರೆ ಅದರೊಳಗೆ ಇಟ್ಟರಾಯ್ತು. ಮಗನಿಗೆ ಇದನ್ನು ಹೇಳಿ, ಒಪ್ಪುತ್ತಾನೆ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಹುಷಾರು. ಸೀಟು ಕಿತ್ತು ಮಂಚ ಬೆಸುಗೆ ಹಾಕಿಸಿದರೆ ಅದು ಗಾಡಿಯನ್ನೇ ಬದಲಾಯಿಸಿದ ಹಾಗೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಮಾಡಿ ಅಪಘಾತವಾದರೆ ವಿಮೆಯಲ್ಲೂ ತಕರಾರು ಬರುತ್ತದೆ. ಮಾರುವವರು ಹಳದಿ ಬೋರ್ಡಿನ ಗಾಡಿ ತೋರಿಸಿದರೆ, ಬಿಳಿ ಬೋರ್ಡು ಮಾಡಿಕೊಟ್ಟ ಮೇಲೇ ದುಡ್ಡು ಅನ್ನಿ. ನಾನು ಮೊದಲೇ ದುಡ್ಡು ಕೊಟ್ಟು ನಾಲ್ಕು ತಿಂಗಳು ಓಡಾಡಿದೆ.

ಬಿಎಸ್6 ಅನ್ನುವ ಹೊಗೆ ನಿಯಮದ ಡೀಸೆಲ್ ಗಾಡಿ, ಅಂದರೆ 2020ರ ಏಪ್ರಿಲ್ ನಂತರದ್ದು ಸಿಕ್ಕರೆ, ಅದರಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬರೀ ಊರೊಳಗೆ ಸಣ್ಣಪುಟ್ಟ ಓಡಾಟ ಮಾಡಿದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಸೋಲಾಪುರ ರಸ್ತೆಯಲ್ಲಿ ಅರ್ಧ ತಾಸು ಒಂದೇ ಸಮನೆ ಓಡಿಸಿ. ದಿಲ್ಲಿ ಕಡೆ ಹೋಗುವ ಆಸೆ ಇದ್ದರೆ ನನ್ನ ಹಾಗೆ ಹಳೇದು ತಗೋಬೇಡಿ, ಅಲ್ಲಿ ಹಳೇ ಡೀಸೆಲ್ ಗಾಡಿಗೆ ಕಟ್ಟು ಇದೆ.

ಗಾಡಿ ನೋಡಲು ಹೋಗುವಾಗ ಮಾವನವರನ್ನೂ ಕರೆದುಕೊಂಡು ಹೋಗಿ ಅಕ್ಕಾ. ನಾವು ಅಪ್ಪನನ್ನು ಕರೆದೊಯ್ಯಲಿಲ್ಲ. ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಇದೆ ಅಂತ ಗೊತ್ತಾಗಿದ್ದು ಅವರನ್ನು ಮೊದಲ ಸಲ ಹತ್ತಿಸುವಾಗ. ಆಮೇಲೆ ಕಟ್ಟಿಗೆಯ ಒಂದು ಮಣೆ ಮಾಡಿಸಿದೆ, ಒಂಬತ್ತು ಇಂಚು ಎತ್ತರ, ಮೇಲೆ ರಬ್ಬರ್ ಶೀಟು. ಈಗಲೂ ಸೀಟಿನ ಕೆಳಗೇ ಇದೆ. ಬೇಕಿದ್ದರೆ ಅಳತೆ ಕಳಿಸುತ್ತೇನೆ.