ಗ್ನೋಮ್‌ನಲ್ಲಿ ಥೀಮ್ ಬದಲಿಸಿದರೂ ಕೆಲವು ವಿಂಡೋಗಳು ಹಳೆಯ ರೂಪದಲ್ಲೇ ಉಳಿಯುವುದೇಕೆ?

ಪ್ರಶ್ನೆ:
ನಾನು ಲಿನಕ್ಸ್‌ನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನ 46ನೇ ಆವೃತ್ತಿ ಬಳಸುತ್ತಿದ್ದೇನೆ. ಕಡುಬಣ್ಣದ ಥೀಮೊಂದನ್ನು ಇಳಿಸಿಕೊಂಡು, ಹೋಮ್ ಫೋಲ್ಡರಿನಲ್ಲಿ ಅಡಗಿರುವ ಥೀಮ್ಸ್ ಫೋಲ್ಡರಿಗೆ ಹಾಕಿ, ರೂಪ ತಿದ್ದುವ ಟ್ವೀಕ್ಸ್ ತಂತ್ರಾಂಶದಲ್ಲಿ ಆಯ್ದುಕೊಂಡೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಒಡನೆಯೇ ಬಣ್ಣ ಬದಲಿಸಿತು. ಆದರೆ ಫೈಲ್ಸ್ ಮತ್ತು ಸೆಟ್ಟಿಂಗ್ಸ್ ಬೆಳ್ಳಗೇ ಉಳಿದಿವೆ, ಮೇಲಿನ ಪಟ್ಟಿಯೂ ಬದಲಾಗಿಲ್ಲ, ವಿಡಿಯೋ ನೋಡುವ ವಿಎಲ್‌ಸಿಯಂತೂ ಯಾವುದಕ್ಕೂ ಹೊಂದುತ್ತಿಲ್ಲ. ಥೀಮಿನಲ್ಲೇ ದೋಷವಿದೆಯೇ, ಅಥವಾ ಎಲ್ಲಕ್ಕೂ ಒಂದೇ ರೂಪ ಕೊಡುವ ದಾರಿಯೇ ಇಲ್ಲವೇ?

ಉತ್ತರ 1:
ಥೀಮಿನಲ್ಲಿ ದೋಷವಿರಲಾರದು. ಟ್ವೀಕ್ಸ್‌ನಲ್ಲಿ ನೀವು ಬದಲಿಸಿದ ಆಯ್ಕೆಯ ಮುಂದೆ 'ಲೆಗಸಿ ಅಪ್ಲಿಕೇಶನ್ಸ್' ಎಂದಿರುವುದನ್ನು ಗಮನಿಸಿ. ಅದು ಮುಖ್ಯವಾಗಿ ಜಿಟಿಕೆ 3 (ವಿಂಡೋ, ಗುಂಡಿ ಮುಂತಾದವನ್ನು ರೂಪಿಸುವ ಸಾಧನಸಂಗ್ರಹದ ಮೂರನೇ ಆವೃತ್ತಿ) ಆಧರಿಸಿದ ತಂತ್ರಾಂಶಗಳಿಗೆ ಅನ್ವಯಿಸುತ್ತದೆ. 2022ರಲ್ಲಿ ಬಂದ ಗ್ನೋಮ್ 42ರಿಂದೀಚೆಗೆ ಗ್ನೋಮ್‌ನ ಸ್ವಂತ ತಂತ್ರಾಂಶಗಳು ಒಂದೊಂದಾಗಿ ಜಿಟಿಕೆ 4 ಮತ್ತು ಅದರ ಮೇಲೆ ಕಟ್ಟಿದ ಗ್ನೋಮ್‌ನದೇ ಲೈಬ್ರರಿಯಾದ ಲಿಬ್‌ಅದ್ವೈತಕ್ಕೆ ವರ್ಗಾವಣೆಗೊಂಡಿವೆ, ಮತ್ತು ಲಿಬ್‌ಅದ್ವೈತವು ತನ್ನದೇ ಶೈಲಿಯನ್ನು ಒಳಗೇ ಇಟ್ಟುಕೊಂಡಿರುವುದರಿಂದ ನೀವು ಆಯ್ದ ಥೀಮಿನ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ಪುಟದಲ್ಲಿ 'ಡಾರ್ಕ್' ಆರಿಸಿದರೆ ಅದನ್ನು ಪಾಲಿಸುತ್ತದೆ, ಏಕೆಂದರೆ ಅದು ಥೀಮ್‌ನಿಂದ ಪ್ರತ್ಯೇಕವಾದ ಆಯ್ಕೆ. ಮೊದಲು ಅಷ್ಟು ಮಾಡಿ. ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಮೇಲಿನ ಪಟ್ಟಿ ಡೆಸ್ಕ್‌ಟಾಪಿನ ಚೌಕಟ್ಟಾದ ಗ್ನೋಮ್ ಶೆಲ್‌ಗೆ ಸೇರಿದ್ದು. ಅದಕ್ಕೆ 'ಯೂಸರ್ ಥೀಮ್ಸ್' ಎಕ್ಸ್‌ಟೆನ್ಶನ್ ಬೇಕು.

ಉತ್ತರ 2:
ಹಟಕ್ಕೆ ಬಿದ್ದರೆ ಇನ್ನೊಂದು ದಾರಿಯಿದೆ. ನಿಮ್ಮ ಥೀಮಿನಲ್ಲಿ ಜಿಟಿಕೆ-4.0 ಎಂಬ ಫೋಲ್ಡರ್ ಇದ್ದರೆ, ಅದರಲ್ಲಿರುವುದನ್ನೆಲ್ಲ ಹೋಮ್‌ನ ಕಾನ್ಫಿಗ್ ಫೋಲ್ಡರಿನೊಳಗೆ ಅದೇ ಹೆಸರಿನ ಫೋಲ್ಡರಿಗೆ ನಕಲಿಸಿ. ಅಲ್ಲಿರುವ, ಬಣ್ಣ ಮತ್ತು ಆಕಾರಗಳನ್ನು ನಿರ್ಧರಿಸುವ ಸಿಎಸ್‌ಎಸ್ ಕಡತವನ್ನು ಲಿಬ್‌ಅದ್ವೈತದ ತಂತ್ರಾಂಶಗಳೂ ಓದುತ್ತವೆ. ತಂತ್ರಾಂಶಗಳನ್ನು ಪ್ರತ್ಯೇಕ ಆವರಣದಲ್ಲಿ ಓಡಿಸುವ ಫ್ಲಾಟ್‌ಪ್ಯಾಕ್ ಮೂಲಕ ಬಂದ ತಂತ್ರಾಂಶಗಳಿಗೆ ಮಾತ್ರ ಆ ಫೋಲ್ಡರನ್ನು ಓದುವ ಅನುಮತಿಯನ್ನು ಬೇರೆಯಾಗಿ ಕೊಡಬೇಕಾಗುತ್ತದೆ, ಅನುಮತಿಗಳನ್ನು ನಿರ್ವಹಿಸುವ ಫ್ಲಾಟ್‌ಸೀಲ್ ತಂತ್ರಾಂಶದಲ್ಲಿ ಅದು ಸುಲಭ. ಇದು ಅಧಿಕೃತ ವಿಧಾನವಲ್ಲವಾದ್ದರಿಂದ ಗ್ನೋಮ್‌ನ ಹೊಸ ಆವೃತ್ತಿ ಬಂದಾಗ ಗುಂಡಿಗಳ ಅಂಚು, ಪಕ್ಕಪಟ್ಟಿಯ ಬಣ್ಣ ಮುಂತಾದವು ಕೆಡಬಹುದು. ನನ್ನ ಅಭಿಪ್ರಾಯದಲ್ಲಿ ಇಡೀ ಥೀಮ್ ನಕಲಿಸುವುದಕ್ಕಿಂತ ಆ ಕಡತದಲ್ಲಿ ನಾಲ್ಕಾರು ಬಣ್ಣಗಳನ್ನಷ್ಟೇ ಬದಲಿಸಿಕೊಳ್ಳುವುದು ಮೇಲು.

ಉತ್ತರ 3:
ವಿಎಲ್‌ಸಿ ಜಿಟಿಕೆಯಂಥದ್ದೇ ಇನ್ನೊಂದು ಸಾಧನಸಂಗ್ರಹವಾದ ಕ್ಯೂಟಿ ಆಧರಿಸಿದ್ದು. ಜಿಟಿಕೆ ಥೀಮ್ ಅದಕ್ಕೆ ತಾನಾಗಿ ತಗಲುವುದಿಲ್ಲ. ಕ್ಯೂಟಿ ತಂತ್ರಾಂಶಗಳಿಗೆ ಥೀಮ್ ಕೊಡುವ ಕ್ವಾಂಟಮ್ (Kvantum) ಬಳಸಿ ಹತ್ತಿರದ ರೂಪ ಕೊಡಬಹುದು. ಎಲ್ಲವನ್ನೂ ಇಷ್ಟದಂತೆ ತಿದ್ದುವುದೇ ಮುಖ್ಯವಾದರೆ ಗ್ನೋಮ್ ಬದಲಿಗೆ ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹೆಚ್ಚು ಒಗ್ಗಬಹುದು. ಆದರೆ ಅಲ್ಲಿನ ಗ್ಲೋಬಲ್ ಥೀಮ್‌ಗಳು ಬರೀ ಬಣ್ಣ, ಚಿತ್ರಗಳಲ್ಲ, ಕೋಡನ್ನೂ ಓಡಿಸಬಲ್ಲವು. 2024ರ ಮಾರ್ಚಿನಲ್ಲಿ ಅಂಥದ್ದೊಂದನ್ನು ಹಾಕಿಕೊಂಡ ಬಳಕೆದಾರರೊಬ್ಬರ ಕಡತಗಳೇ ಅಳಿಸಿಹೋಗಿ, ಕೆಡಿಇ ತಂಡ ಎಚ್ಚರಿಕೆ ನೀಡಬೇಕಾಯಿತು.

ಪ್ರಶ್ನೆ ಕೇಳಿದವರು:
ಡಾರ್ಕ್ ಆರಿಸಿದೊಡನೆ ಫೈಲ್ಸ್, ಸೆಟ್ಟಿಂಗ್ಸ್ ಎರಡೂ ಸರಿಹೋದವು. ಗುಂಡಿಗಳ ನೀಲಿ ಬಣ್ಣವನ್ನು ಹಸಿರಾಗಿಸಲು ಸಿಎಸ್‌ಎಸ್ ತಿದ್ದಲೇಬೇಕೇ?

ಉತ್ತರ 1:
46ರಲ್ಲಿ ತಿದ್ದಬೇಕು. ಗ್ನೋಮ್ 47ರಿಂದ ಅಪಿಯರೆನ್ಸ್ ಪುಟದಲ್ಲೇ ಆ ಬಣ್ಣದ ಆಯ್ಕೆಯಿದೆ, ಹಸಿರೂ ಇದೆ. ಆವೃತ್ತಿ ಏರಿಸುವ ಯೋಚನೆಯಿದ್ದರೆ ಅಲ್ಲಿಯವರೆಗೆ ಕಾಯಿರಿ.